ಕೊರಿಯನ್ನಿಗೆ 11,172 ಜಾಗ, ಕನ್ನಡಕ್ಕೆ 128: ಯೂನಿಕೋಡಿನಲ್ಲಿ ಪಂಕ್ತಿಭೇದವೇ?

ಪ್ರಶ್ನೆ: ನಮ್ಮ ಕಚೇರಿಗೆ ಕೊರಿಯಾದಿಂದ ಫೈಲುಗಳು ಬರುತ್ತಿರುತ್ತವೆ. ಕೆಲವು ಫೈಲುಗಳ ಹೆಸರಿನಲ್ಲಿ ಅಕ್ಷರಗಳು ಒಡೆದು ಚೂರುಚೂರಾಗಿ ಕಾಣುತ್ತವೆ. ಯಾಕಿರಬಹುದೆಂದು ಹುಡುಕುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಯೂನಿಕೋಡಿನಲ್ಲಿ ಕೊರಿಯನ್ ಅಕ್ಷರಗಳಿಗೆ 11,172 ಜಾಗ ಕೊಟ್ಟಿದ್ದಾರೆ, ಕನ್ನಡಕ್ಕೆ ಬರೀ 128. ಅವರೂ ನಮ್ಮ ಹಾಗೆ ವ್ಯಂಜನ, ಸ್ವರ ಕೂಡಿಸಿಯೇ ಬರೆಯುವವರಲ್ಲವೇ? ಮತ್ತೇಕೆ ಈ ಪಂಕ್ತಿಭೇದ?

ಉತ್ತರ: ಯೂನಿಕೋಡ್ ಎಂದರೆ ಲೋಕದ ಲಿಪಿಗಳ ಪ್ರತಿ ಅಕ್ಷರಕ್ಕೂ ಕಂಪ್ಯೂಟರಿಗಾಗಿ ಒಂದು ಸಂಖ್ಯೆ ಕೊಡುವ ಮಾನಕ, ಒಂದು ಜಾಗ ಎಂದರೆ ಅಂಥ ಒಂದು ಸಂಖ್ಯೆ. ನೀವು ಕೊಟ್ಟ ಎರಡು ಅಂಕಿಗಳೂ ಸರಿ. ಪಂಕ್ತಿಭೇದ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಾಗೆ ನೋಡಿದರೆ ಆ ಹನ್ನೊಂದು ಸಾವಿರ ಎಲೆ ಹಾಕಿಸಿಕೊಳ್ಳಲು ಕೊರಿಯನ್ನರು ಪಟ್ಟ ಪಾಡು ನಮಗೆ ಬಂದಿಲ್ಲ. ನಿಮ್ಮ ಒಡೆದ ಫೈಲು ಹೆಸರಿಗೂ ಈ ಲೆಕ್ಕಕ್ಕೂ ನೇರ ಸಂಬಂಧವಿದೆ. ಅದನ್ನು ಕೊನೆಗಿಟ್ಟುಕೊಂಡು ಮೊದಲು ಲಿಪಿಯನ್ನು ನೋಡೋಣ.

ಕೊರಿಯನ್ ಲಿಪಿಯ ಹೆಸರು ಹಂಗುಲ್. ರಾಜ ಸೆಜೋಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಜೆಗಳಿಗೆ ಕೊಟ್ಟ ಲಿಪಿ ಇದು. ಆಗ 28 ಅಕ್ಷರಗಳಿದ್ದವು, ಈಗ ಮೂಲಾಕ್ಷರಗಳು 24. ಈ ಬಿಡಿ ಅಕ್ಷರಕ್ಕೆ ಜಾಮೊ ಎನ್ನುತ್ತಾರೆ. ಆದರೆ ಜಾಮೊಗಳನ್ನು ಇಂಗ್ಲಿಷಿನ ಹಾಗೆ ಸಾಲಾಗಿ ಬರೆಯುವುದಿಲ್ಲ. ಒಂದು ಉಚ್ಚಾರಕ್ಕೆ ಒಂದು ಚೌಕ. 'ಹನ್' ಎಂದು ಬರೆಯಬೇಕಾದರೆ ಹಕಾರ ಮೇಲೆ ಎಡಕ್ಕೆ, ಅಕಾರ ಅದರ ಬಲಕ್ಕೆ, ನಕಾರ ಇಬ್ಬರ ಕೆಳಗೆ. ಮೂರೂ ಒಂದೇ ಚೌಕದೊಳಗೆ ಮುದುಡಿಕೊಂಡು ಕೂರುತ್ತವೆ. ನಮ್ಮಲ್ಲಿ ನಕಾರ ಅರ್ಧವಾಗಿ ಉಳಿದರೆ ಪಕ್ಕದಲ್ಲಿ 'ನ್' ಎಂದು ನಿಲ್ಲುತ್ತದೆ, ಇಲ್ಲವೇ ಮುಂದಿನ ವ್ಯಂಜನವನ್ನು ಒತ್ತಾಗಿ ಹೊರುತ್ತದೆ. ಅವರಲ್ಲಿ ಅದು ತನ್ನ ಉಚ್ಚಾರದ ಚೌಕ ಬಿಟ್ಟು ಆಚೆ ಹೋಗುವ ಹಾಗಿಲ್ಲ.

ಈ ಚೌಕಕ್ಕೆ ಕಟ್ಟುನಿಟ್ಟಾದ ನಿಯಮವಿದೆ. ಮೊದಲು ಒಂದು ವ್ಯಂಜನ ಬರಲೇಬೇಕು. ಜೋಡಿ ವ್ಯಂಜನಗಳನ್ನೂ ಸೇರಿಸಿ ಅಲ್ಲಿ ಬರಬಹುದಾದದ್ದು 19. ಸ್ವರದಿಂದಲೇ ಶುರುವಾಗುವ ಉಚ್ಚಾರಕ್ಕೆ ಸದ್ದಿಲ್ಲದ ಒಂದು ಸೊನ್ನೆಯಾಕಾರದ ಅಕ್ಷರ ಆ ಜಾಗ ತುಂಬುತ್ತದೆ. ಅದೇ ಸೊನ್ನೆ ಕೊನೆಯಲ್ಲಿ ಬಂದರೆ ನಮ್ಮ 'ಙ್' ಸದ್ದು. ಆಮೇಲೆ ಒಂದು ಸ್ವರ, ಸಂಯುಕ್ತ ಸ್ವರಗಳೂ ಸೇರಿ 21. ಕೊನೆಗೆ ಮುಚ್ಚುವ ವ್ಯಂಜನ. ಅದು ಬರಬಹುದು, ಬರದೆಯೂ ಇರಬಹುದು. ಬಂದರೆ 27 ಬಗೆ, 'ಏನೂ ಇಲ್ಲ' ಎಂಬುದನ್ನೂ ಎಣಿಸಿದರೆ 28. ಇಷ್ಟೇ. ಇದರಾಚೆಗೆ ಇನ್ನೊಂದು ವ್ಯಂಜನವನ್ನು ತುರುಕಲು ಚೌಕದಲ್ಲಿ ಜಾಗವಿಲ್ಲ.

19ನ್ನು 21ರಿಂದ, ಬಂದದ್ದನ್ನು 28ರಿಂದ ಗುಣಿಸಿ. 11,172. ಯಾರೋ ಉದಾರವಾಗಿ ಹಂಚಿದ ಸಂಖ್ಯೆಯಲ್ಲ ಇದು, ಬರೀ ಮಗ್ಗಿ.

ಈಗ ಯೂನಿಕೋಡ್ ಮಾಡಿರುವುದನ್ನು ನೋಡಿ. ಒಂದು ಬಡಾವಣೆ ಎಂದುಕೊಳ್ಳಿ. ಅಲ್ಲಿ 19 ಕಟ್ಟಡ, ಪ್ರತಿ ಕಟ್ಟಡಕ್ಕೆ 21 ಮಹಡಿ, ಪ್ರತಿ ಮಹಡಿಗೆ 28 ಮನೆ. ಮೊದಲ ಮನೆಯ ನಂಬರು 44032. ಅಲ್ಲಿರುವುದು 'ಗ' ಎಂಬ ಚೌಕ. ಉಳಿದ ಮನೆಗಳಿಗೆಲ್ಲ ಸಾಲಾಗಿ ನಂಬರು. ಕಟ್ಟಡ ಎಂದರೆ ಮೊದಲ ವ್ಯಂಜನ, ಮಹಡಿ ಎಂದರೆ ಸ್ವರ, ಮನೆ ಎಂದರೆ ಕೊನೆಯ ವ್ಯಂಜನ, ಮೂರನ್ನೂ ಸೊನ್ನೆಯಿಂದ ಎಣಿಸಬೇಕು. ಬೆಂಗಳೂರನ್ನು ಕೊರಿಯನ್ನಿನಲ್ಲಿ ನಾಲ್ಕು ಚೌಕದಲ್ಲಿ ಬರೆಯುತ್ತಾರೆ, ಮೊದಲನೆಯದು 'ಬೆಙ್'. ಅವರ ವರ್ಣಮಾಲೆಯಲ್ಲಿ ಬಕಾರದ ಕ್ರಮಸಂಖ್ಯೆ 7, ಈ ಎಕಾರದ್ದು 5, ಕೊನೆಯ ಙಕಾರದ್ದು 21. ಏಳನ್ನು 21ರಿಂದ ಗುಣಿಸಿ 5 ಕೂಡಿಸಿದರೆ 152. ಅದನ್ನು 28ರಿಂದ ಗುಣಿಸಿ 21 ಕೂಡಿಸಿದರೆ 4277. ಅದಕ್ಕೆ 44032 ಸೇರಿಸಿ: 48309. 'ಬೆಙ್' ಚೌಕದ ಯೂನಿಕೋಡ್ ಸಂಖ್ಯೆ ಅದೇ. ಕೋಷ್ಟಕ ನೋಡಬೇಕಾಗಿಲ್ಲ, ಕಾಗದದ ಮೇಲೆ ಲೆಕ್ಕ ಹಾಕಿದರೆ ಸಾಕು.

ತಿರುಗಿಸಿಯೂ ಮಾಡಬಹುದು. 48309ರಲ್ಲಿ 44032 ಕಳೆದು, ಉಳಿದದ್ದನ್ನು 588ರಿಂದ (21ನ್ನು 28ರಿಂದ ಗುಣಿಸಿದರೆ ಬರುವುದು) ಭಾಗಿಸಿ. ಭಾಗಲಬ್ಧ 7, ಶೇಷ 161. ಆ ಶೇಷವನ್ನು 28ರಿಂದ ಭಾಗಿಸಿದರೆ 5 ಬಂದು 21 ಉಳಿಯುತ್ತದೆ. ಬಕಾರ, ಎಕಾರ, ಙಕಾರ ಮೂರೂ ಕೈಗೆ ವಾಪಸ್. ಕೊರಿಯಾದ ಫೋನುಗಳಲ್ಲಿ ಹೆಸರು ಹುಡುಕುವಾಗ ಪ್ರತಿ ಚೌಕದ ಮೊದಲ ವ್ಯಂಜನವನ್ನಷ್ಟೇ ಒತ್ತಿದರೂ ಪಟ್ಟಿ ಬರುತ್ತದೆ. ಅದರ ಹಿಂದಿರುವುದು ಈ ಭಾಗಾಕಾರ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಹೇಳಿಬಿಡುತ್ತೇನೆ. ಯೂನಿಕೋಡಿನ ಎಲ್ಲ ಅಕ್ಷರಗಳ ಜಾತಕ ಬರೆದಿಟ್ಟ ಒಂದು ಮುಖ್ಯ ಫೈಲು ಇದೆ, ಒಂದು ಅಕ್ಷರಕ್ಕೆ ಒಂದು ಸಾಲು. ಅದರಲ್ಲಿ ಕನ್ನಡಕ್ಕೆ 90ರ ಆಸುಪಾಸು ಸಾಲುಗಳಿವೆ. 128 ಎಂಬುದು ಕಾದಿಟ್ಟ ಜಾಗ, ಅಷ್ಟೂ ತುಂಬಿಲ್ಲ. 2021ರಲ್ಲಿ ಹಳಗನ್ನಡದ ನಕಾರಪೊಲ್ಲು (ಸ್ವರವಿಲ್ಲದ ನಕಾರದ ಅಕ್ಷರ) ಬಂದು ಕೂತದ್ದು ಈ ಖಾಲಿ ಜಾಗದಲ್ಲಿಯೇ. ಹನ್ನೊಂದು ಸಾವಿರದ ಕೊರಿಯನ್ ಚೌಕಗಳಿಗೆ ಆ ಫೈಲಿನಲ್ಲಿ ಎಷ್ಟು ಸಾಲು ಗೊತ್ತೇ? ಎರಡು. ಇಲ್ಲಿಂದ ಶುರು, ಇಲ್ಲಿಗೆ ಮುಗಿಯಿತು. ನಡುವಿನದೆಲ್ಲ ಲೆಕ್ಕದಿಂದಲೇ ಹುಟ್ಟುತ್ತದೆ, ಅಕ್ಷರಗಳ ಹೆಸರು ಕೂಡ.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಮೊದಲ ದಿನವೇ ಬಂದಿರಬೇಕು ಅನ್ನಿಸಬಹುದು. ಬರಲಿಲ್ಲ.

1980ರ ದಶಕದ ಕೊರಿಯಾದಲ್ಲಿ ಎರಡು ಪಂಥಗಳಿದ್ದವು. ಒಂದು ಜೊಹಾಪ್, ಎಂದರೆ ಜೋಡಿಸುವ ಪದ್ಧತಿ. ಒಂದು ಚೌಕಕ್ಕೆ ಎರಡು ಬೈಟ್, ಎಂದರೆ 16 ಬಿಟ್ (ಒಂದು ಬಿಟ್ ಎಂದರೆ 0 ಅಥವಾ 1). ಮೊದಲ ಬಿಟ್ 'ಇದು ಹಂಗುಲ್' ಎನ್ನುವ ಗುರುತು, ಉಳಿದ 15ರಲ್ಲಿ ಮೊದಲ ವ್ಯಂಜನಕ್ಕೆ ಐದು, ಸ್ವರಕ್ಕೆ ಐದು, ಕೊನೆಯ ವ್ಯಂಜನಕ್ಕೆ ಐದು. ಐದು ಬಿಟ್‌ನಲ್ಲಿ 32 ಬಗೆ ಹಿಡಿಸುತ್ತದೆ, ಹಾಗಾಗಿ 19, 21, 28 ಮೂರೂ ಆರಾಮವಾಗಿ ಕೂತವು. ಯಾವ ಚೌಕವನ್ನು ಬೇಕಾದರೂ ಬರೆಯಬಹುದು. ಆದರೆ ಆ ಬೈಟುಗಳು ಕೆಲವೊಮ್ಮೆ ಸಾಮಾನ್ಯ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ ತೆಗೆದುಕೊಂಡುಬಿಡುತ್ತಿದ್ದವು. ಸಂಪರ್ಕ ಸಾಧನಗಳ ಅಂತರರಾಷ್ಟ್ರೀಯ ನಿಯಮಕ್ಕೆ ಅದು ಹೊಂದುವಂತಿರಲಿಲ್ಲ.

ಇನ್ನೊಂದು ವಾನ್‌ಸಂಗ್, ಎಂದರೆ ಸಿದ್ಧ ಅಕ್ಷರ ಪದ್ಧತಿ. 1987ರಲ್ಲಿ ಸರ್ಕಾರ ರಾಷ್ಟ್ರೀಯ ಮಾನಕವಾಗಿ ಹಿಡಿದದ್ದು ಇದನ್ನು. ಅಂತರರಾಷ್ಟ್ರೀಯ ನಿಯಮದ ಪ್ರಕಾರ 94 ಸಾಲು, 94 ಕಂಬದ ಒಂದು ಚೌಕಾಬಾರ. ಒಟ್ಟು 8,836 ಮನೆ. ಅದರಲ್ಲಿ ಚೀನೀ ಮೂಲದ ಹಂಜಾ ಅಕ್ಷರಗಳಿಗೆ 4,888 ಹೋದವು, ಚಿಹ್ನೆಗಳಿಗೆ ಒಂದಷ್ಟು. ಹಂಗುಲ್‌ಗೆ ಸಿಕ್ಕಿದ್ದು ಸರಿಯಾಗಿ 25 ಸಾಲು, 2,350 ಚೌಕ. 'ಹೆಚ್ಚು ಬಳಕೆಯಲ್ಲಿರುವುದು ಇಷ್ಟೇ, ಸಾಕು' ಎಂಬ ತರ್ಕ. ತಮ್ಮದೇ ಲಿಪಿಯ ಐದರಲ್ಲಿ ನಾಲ್ಕು ಪಾಲು ಚೌಕಗಳನ್ನು ಹೊರಗಿಟ್ಟು, ಎರವಲು ಅಕ್ಷರಗಳಿಗೆ ಅದರ ಎರಡರಷ್ಟು ಜಾಗ ಕೊಟ್ಟರು. ಪಂಕ್ತಿಭೇದ ಎಂದು ಯಾರಾದರೂ ಕೂಗಬೇಕಿದ್ದರೆ ಅಲ್ಲಿ ಕೂಗಬೇಕಿತ್ತು. ಕೂಗಿದರು ಕೂಡ.

'ಬಳಕೆಯಲ್ಲಿರುವುದು ಸಾಕು' ಎಂಬ ಮಾತು ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಒಂದು ಸೂಪಿನ ಕಥೆ. ಥಾಯ್ ಊಟದ ಟಾಮ್ ಯಮ್ ಸೂಪನ್ನು ನೀವು ಕೇಳಿರುತ್ತೀರಿ. ಅದರ ಕೊರಿಯನ್ ಬರಹ 'ತ್ತೊಮ್' ಎಂಬ ಚೌಕದಿಂದ ಶುರುವಾಗುತ್ತದೆ. ಈ ಚೌಕ ಆ 2,350ರಲ್ಲಿ ಇಲ್ಲ. 1987ರಲ್ಲಿ ಆ ಪಟ್ಟಿಯಲ್ಲಿ ಅದು ಬೇಕೆಂದು ಯಾರಿಗೆ ಹೊಳೆದೀತು? ಇಂದಿಗೂ ಕೊರಿಯಾದ ಎಷ್ಟೋ ಅಲಂಕಾರಿಕ ಫಾಂಟುಗಳನ್ನು 2,350 ಚೌಕಗಳಿಗಷ್ಟೇ ಬರೆದು ಮುಗಿಸಿರುತ್ತಾರೆ. ಅಂಥ ಫಾಂಟಿನಲ್ಲಿ ಮೆನು ಅಚ್ಚು ಹಾಕಿಸಿದರೆ ಸೂಪಿನ ಹೆಸರಿನ ಮೊದಲ ಅಕ್ಷರ ಮಾತ್ರ ಬೇರೆ ಯಾವುದೋ ಫಾಂಟಿನಲ್ಲಿ, ಮದುವೆಮನೆಗೆ ಬನಿಯನ್ ಹಾಕಿಕೊಂಡು ಬಂದವನ ಹಾಗೆ ನಿಂತಿರುತ್ತದೆ. ಊಟದ ಹೆಸರಾದರೆ ನಕ್ಕು ಸುಮ್ಮನಾಗಬಹುದು. ಮಗುವಿನ ಹೆಸರಿನಲ್ಲಿ ಅಂಥ ಚೌಕವಿದ್ದರೆ?

ಹೀಗಾಗಿ 1989ರಲ್ಲಿ ಬಂದ 'ಹಂಗುಲ್' ಎಂಬ ಪದಸಂಸ್ಕಾರಕ ತಂತ್ರಾಂಶ ಸರ್ಕಾರದ ಮಾನಕವನ್ನು ಬದಿಗಿಟ್ಟು ಜೋಡಿಸುವ ಪದ್ಧತಿಯನ್ನು ಹಿಡಿಯಿತು. ಎಲ್ಲ ಚೌಕಗಳನ್ನೂ ಬರೆಯಬಹುದಾದ್ದರಿಂದ ಜನ ಅದನ್ನು ಅಪ್ಪಿಕೊಂಡರು. ಅದರ ಹೊಸ ಆವೃತ್ತಿಗಳು ಈಗಲೂ ಅಲ್ಲಿನ ಸರ್ಕಾರಿ ಕಚೇರಿಗಳಲ್ಲಿ ಓಡುತ್ತಿವೆ. ನಿಮ್ಮ ಕಚೇರಿಗೆ ಬರುವ ಫೈಲುಗಳಲ್ಲೂ ಒಂದೆರಡು ಅದರವೇ ಇದ್ದಾವು. 1992ರಲ್ಲಿ ಸರ್ಕಾರವೂ ಮಣಿದು ಜೊಹಾಪನ್ನು ಮಾನಕಕ್ಕೆ ಅನುಬಂಧವಾಗಿ ಸೇರಿಸಿತು. ವಿಂಡೋಸ್ 95 ಬಂದಾಗ ಮೈಕ್ರೋಸಾಫ್ಟ್ ಮೂರನೆಯ ದಾರಿ ಹಿಡಿಯಿತು. 2,350ನ್ನು ಇದ್ದಲ್ಲೇ ಬಿಟ್ಟು, ಉಳಿದ 8,822 ಚೌಕಗಳನ್ನು ಚೌಕಾಬಾರದಾಚೆಯ ಸಂದಿಗೊಂದಿಗಳಲ್ಲಿ ತುರುಕಿತು. ಎಲ್ಲ ಅಕ್ಷರವೂ ಬಂತು, ಅಕಾರಾದಿ ಕ್ರಮ ಹಾಳಾಯಿತು. ಸಂಖ್ಯೆಯ ಪ್ರಕಾರ ವಿಂಗಡಿಸಿದರೆ ಶಬ್ದಕೋಶದ ಕ್ರಮ ಬರುವುದಿಲ್ಲ.

ಉತ್ತರ ಕೊರಿಯಾದ್ದು ಇನ್ನೊಂದು ಕಥೆ. 1997ರ ಅವರ ಮಾನಕದಲ್ಲಿ 2,679 ಚೌಕಗಳಿವೆ, ವರ್ಣಮಾಲೆಯ ಕ್ರಮವೇ ಬೇರೆ. ಜೊತೆಗೆ ಕಿಮ್ ಇಲ್ ಸುಂಗ್ ಮತ್ತು ಕಿಮ್ ಜಾಂಗ್ ಇಲ್ ಹೆಸರುಗಳ ಆರು ಚೌಕಗಳಿಗೆ ಪ್ರತ್ಯೇಕ ಸಂಖ್ಯೆ! ನಾಯಕರ 'ಕಿಮ್' ಬೇರೆ, ಊರ ಮಂದಿಯ 'ಕಿಮ್' ಬೇರೆ.

ಈ ಜಗಳ ಯೂನಿಕೋಡಿನ ಒಳಗೂ ಬಂತು. 1991ರ ಮೊದಲ ಆವೃತ್ತಿಯಲ್ಲಿ ಅದೇ 2,350 ಚೌಕಗಳು. 1993ರಲ್ಲಿ ಮತ್ತೆರಡು ಕಂತು ಸೇರಿ 6,656. ಆಗಲೂ ಪಟ್ಟಿ ಪೂರ್ತಿಯಾಗಲಿಲ್ಲ, ಮೂರು ತುಂಡಾಗಿದ್ದರಿಂದ ಕ್ರಮವೂ ಇರಲಿಲ್ಲ. ಕೊನೆಗೆ 1996ರ ಎರಡನೆಯ ಆವೃತ್ತಿಯಲ್ಲಿ ಹಳೆಯ 6,656 ಮನೆಗಳನ್ನು ಪೂರ್ತಿ ಖಾಲಿ ಮಾಡಿಸಿ, 44032ರಿಂದ ಹೊಸ ಬಡಾವಣೆ ಕಟ್ಟಿ, ಎಲ್ಲ 11,172ನ್ನೂ ಅಲ್ಲಿಗೆ ಸಾಗಿಸಿದರು. ಹಳೆಯ ಸಂಖ್ಯೆಯಲ್ಲಿ ಬರೆದಿಟ್ಟಿದ್ದ ಬರಹ ಒಂದೇ ಏಟಿಗೆ ಅರ್ಥ ಕಳೆದುಕೊಂಡಿತು. ಆ ಹಳೆ ನಿವೇಶನದಲ್ಲಿ ಮುಂದೆ ಅಪರೂಪದ ಚೀನೀ ಅಕ್ಷರಗಳು ಮನೆ ಮಾಡಿದವು. ತಂತ್ರಜ್ಞರ ನಡುವೆ ಇದಕ್ಕೆ 'ಕೊರಿಯನ್ ಗೊಂದಲ' ಎಂದೇ ಹೆಸರು ಬಿತ್ತು. ಒಮ್ಮೆ ಒಂದು ಅಕ್ಷರಕ್ಕೆ ಸಂಖ್ಯೆ ಕೊಟ್ಟರೆ ಅದನ್ನು ಎಂದೂ ಸರಿಸುವುದಿಲ್ಲ, ತೆಗೆಯುವುದಿಲ್ಲ ಎಂಬ ಇಂದಿನ ನಿಯಮ ಈ ಪೆಟ್ಟು ತಿಂದ ಮೇಲಿನದು. ನೀವು ಈ ವರ್ಷ ಬರೆದ ಕನ್ನಡ ಇನ್ನೂ ಐವತ್ತು ವರ್ಷಕ್ಕೆ ಓದಲು ಬರುತ್ತದೆ ಎಂಬ ನೆಮ್ಮದಿಯಲ್ಲಿ ಆ ಕೊರಿಯನ್ ಸಾಗಾಟದ ಪಾಲೂ ಇದೆ.

ಇನ್ನು ಕನ್ನಡಕ್ಕೆ ಬರೋಣ. ನಮ್ಮ ಅಕ್ಷರಗಳಿಗೂ ಹೀಗೆ ಬಡಾವಣೆ ಕಟ್ಟಲಾಗದೇ? ಲೆಕ್ಕ ಹಾಕಿ ನೋಡಿ. 34 ವ್ಯಂಜನ, 13 ಸ್ವರ. ಕಾಗುಣಿತ ಅಷ್ಟೇ ಆದರೆ 442. ಒಂದು ಒತ್ತಕ್ಷರ ಸೇರಿದರೆ 34ನ್ನು 34ರಿಂದ, ಮತ್ತೆ 13ರಿಂದ ಗುಣಿಸಬೇಕು: 15,028. 'ರಾಷ್ಟ್ರ', 'ಸ್ತ್ರೀ' ಬರೆಯಲು ಎರಡು ಒತ್ತು ಬೇಕು: 5,10,952. ಅನುಸ್ವಾರ, ವಿಸರ್ಗ ಇನ್ನೂ ಎಣಿಸಿಲ್ಲ. ಮೂರು ಒತ್ತು ಬೇಡ ಎನ್ನಲು ವ್ಯಾಕರಣದಲ್ಲಿ ಅಡ್ಡಿಯಿಲ್ಲ. ಹಂಗುಲ್ ಚೌಕಕ್ಕೆ ಗೋಡೆಯಿದೆ, ನಮ್ಮ ಅಕ್ಷರಕ್ಕೆ ಇಲ್ಲ. ಯೂನಿಕೋಡಿನ ಮೊದಲ ಯೋಜನೆಯಲ್ಲಿ ಇಡೀ ಲೋಕದ ಲಿಪಿಗಳಿಗೆಲ್ಲ ಸೇರಿ ಇದ್ದದ್ದೇ 65,536 ಜಾಗ. ಅದರಲ್ಲಿ ಹಂಗುಲ್ ಚೌಕಗಳೇ ಸುಮಾರು ಆರನೇ ಒಂದು ಪಾಲು ನುಂಗಿವೆ.

'ಎಲ್ಲ ಜೋಡಣೆ ಎಲ್ಲಿ ಬಳಸುತ್ತೇವೆ, ಬೇಕಾದಷ್ಟನ್ನೇ ಹಾಕಿದರಾಯಿತು' ಎಂದು ನೀವು ಹೇಳಬಹುದು. 1987ರಲ್ಲಿ ಸಿಯೋಲ್ ನಗರದಲ್ಲಿ ಕೂತವರು ಹೇಳಿದ್ದು ಇದನ್ನೇ. ಮುಂದಿನದು ಸೂಪಿನ ಕಥೆ.

ನಮ್ಮವರು ಬೇರೆ ದಾರಿ ಹಿಡಿದರು. ಭಾರತದ ಇಸ್ಕಿ ಮಾನಕ ಸ್ವರ, ವ್ಯಂಜನ, ಸ್ವರಚಿಹ್ನೆ, ವಿರಾಮ (ಕಕಾರವನ್ನು 'ಕ್' ಮಾಡುವ ಚಿಹ್ನೆ) ಇಂಥ ಬಿಡಿ ಗುರುತುಗಳಿಗಷ್ಟೇ ಸಂಖ್ಯೆ ಕೊಟ್ಟಿತು. ಯೂನಿಕೋಡ್ ಅದೇ ಮಾದರಿಯನ್ನು ಎತ್ತಿಕೊಂಡಿತು. 'ಸ್ತ್ರೀ' ಎಂದರೆ ಸ, ವಿರಾಮ, ತ, ವಿರಾಮ, ರ, ಈತ್ವ: ಆರು ಸಂಖ್ಯೆಗಳು. ಒತ್ತನ್ನು ಒತ್ತಾಗಿ ತೋರಿಸುವುದು ಫಾಂಟಿನ ಕೆಲಸ. ಕಂಡುಕೇಳರಿಯದ ಒತ್ತಕ್ಷರವನ್ನು ನೀವು ನಾಳೆ ಬರೆದರೂ ಯಾವ ಸಮಿತಿಯ ಅಪ್ಪಣೆಯೂ ಬೇಕಿಲ್ಲ. ಜೊಹಾಪ್ ಪಂಥದವರು ಬಯಸಿದ್ದು ಇಂಥ ಸ್ವಾತಂತ್ರ್ಯವನ್ನೇ.

ತಮಿಳಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ಒತ್ತಕ್ಷರದ ಗೊಡವೆ ಕಡಿಮೆ, ವರ್ಣಮಾಲೆ 247 ಎಂದು ಮುಚ್ಚಿದ ಲೆಕ್ಕ. ಹಾಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಬೇಕೆಂಬ ವಾದಕ್ಕೆ ಅಲ್ಲಿ ಬಲವಿತ್ತು. 2010ರಲ್ಲಿ ತಮಿಳುನಾಡು ಸರ್ಕಾರ ಯೂನಿಕೋಡಿನ ಜೊತೆಗೆ ಟೇಸ್16 ಎಂಬ ಅಂಥ ಪದ್ಧತಿಯನ್ನೂ ಮಾನಕವೆಂದು ಸಾರಿತು. ಯೂನಿಕೋಡಿನ ಪಟ್ಟಿಗೆ ಮಾತ್ರ ಅದು ಸೇರಲಿಲ್ಲ.

ಹಾಗೆಂದು ನಮಗೇನೂ ನಷ್ಟವಿಲ್ಲ ಎಂದರೆ ಸುಳ್ಳಾಗುತ್ತದೆ. ಯೂನಿಕೋಡಿನ ಒಂದು ಎಸ್‌ಎಂಎಸ್‌ನಲ್ಲಿ 70 ಸಂಖ್ಯೆ ಹಿಡಿಸುತ್ತದೆ. ಕೊರಿಯನ್ನರಿಗೆ 70 ಪೂರ್ಣ ಅಕ್ಷರ, ನಮಗೆ ಅದರ ಅರ್ಧವೋ ಮುಕ್ಕಾಲೋ. 'ಕನ್ನಡ' ಎಂಬ ಮೂರಕ್ಷರಕ್ಕೆ ಐದು ಸಂಖ್ಯೆ, ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ವಿಧಾನದಲ್ಲಿ 15 ಬೈಟ್. ಅವರ ಭಾಷೆಯ ಹೆಸರು 'ಹನ್‌ಗುಗೊ' ಮೂರು ಚೌಕ, ಮೂರೇ ಸಂಖ್ಯೆ, 9 ಬೈಟ್. ಬ್ಯಾಕ್‌ಸ್ಪೇಸ್ ಒತ್ತಿದಾಗ ನಮ್ಮ ಅಕ್ಷರ ಹಂತಹಂತವಾಗಿ ಕಳಚುವುದು, ಪದದ ಉದ್ದವನ್ನು ತಂತ್ರಾಂಶ ತಪ್ಪಾಗಿ ಎಣಿಸುವುದು ನಮಗೆಲ್ಲ ಗೊತ್ತಿರುವ ಕಿರಿಕಿರಿ. ಆದರೆ ಇದರಲ್ಲಿ ಹೆಚ್ಚಿನದು ತಂತ್ರಾಂಶ ಬರೆಯುವವರ ಸೋಮಾರಿತನ. ಜಾಗ ಹೆಚ್ಚು ಕೊಟ್ಟರೆ ಅದು ಹೋಗುವುದಿಲ್ಲ.

ಕೊರಿಯನ್ನರಿಗೂ ಟೈಪಿಂಗ್ ಸಲೀಸಲ್ಲ. ಸಾಮಾನ್ಯ ಕೀಲಿಮಣೆಯಲ್ಲಿ ಮೊದಲ ನಕಾರಕ್ಕೂ ಕೊನೆಯ ನಕಾರಕ್ಕೂ ಒಂದೇ ಕೀಲಿ. 'ಗನ' ಎಂದು ಬರೆಯಲು ಗ್, ಅ, ನ್ ಒತ್ತಿದ ಕೂಡಲೇ ತೆರೆಯ ಮೇಲೆ 'ಗನ್' ಎಂಬ ಒಂದೇ ಚೌಕ ಮೂಡುತ್ತದೆ. ಆಮೇಲೆ ಅಕಾರ ಒತ್ತಿದರೆ ನಕಾರ ಅಲ್ಲಿಂದ ಜಿಗಿದು ಹೊಸ ಚೌಕಕ್ಕೆ ಹೋಗುತ್ತದೆ. ಹೀಗೆ ಮಿಂಚಿ ಮಾಯವಾಗುವ ಅಕ್ಷರಕ್ಕೆ ಅವರು ಇಟ್ಟ ಹೆಸರು ದೊಕ್ಕೆಬಿಯ ಬೆಂಕಿ, ಎಂದರೆ ನಮ್ಮ ಕೊಳ್ಳಿದೆವ್ವ. ಕಣ್ಣಿನ ಡಾಕ್ಟರಾಗಿದ್ದು ಟೈಪ್‌ರೈಟರ್ ಕಟ್ಟಿದ ಗೊಂಗ್ ಬ್ಯೊಂಗ್ ಉ ಎಂಬ ಮಹನೀಯರ ಮೂರು ಕಟ್ಟಿನ ಕೀಲಿಮಣೆಯಲ್ಲಿ ಮೊದಲ ವ್ಯಂಜನ, ಸ್ವರ, ಕೊನೆಯ ವ್ಯಂಜನ ಮೂರಕ್ಕೂ ಬೇರೆ ಬೇರೆ ಕೀಲಿ, ಆದ್ದರಿಂದ ಕೊಳ್ಳಿದೆವ್ವದ ಕಾಟವಿಲ್ಲ. ಆದರೂ ಬಹುಪಾಲು ಜನ ದೆವ್ವದ ಜೊತೆಗೇ ಸಂಸಾರ ಮಾಡುತ್ತಿದ್ದಾರೆ.

ಈಗ ನಿಮ್ಮ ಒಡೆದ ಹೆಸರು. 11,172 ಸಿದ್ಧ ಚೌಕಗಳ ಜೊತೆಗೆ ಯೂನಿಕೋಡಿನಲ್ಲಿ ಬಿಡಿ ಜಾಮೊಗಳೂ ಇವೆ. ಮೊದಲು ಬರುವ ನಕಾರಕ್ಕೆ ಒಂದು ಸಂಖ್ಯೆ, ಕೊನೆಗೆ ಬರುವ ನಕಾರಕ್ಕೆ ಇನ್ನೊಂದು. ಅದರಿಂದಲೇ ಒಂದು ಚೌಕ ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತದೆ, ನಮ್ಮ ವಿರಾಮದಂಥ ಕೊಂಡಿ ಬೇಕಾಗುವುದಿಲ್ಲ. ಸೆಜೋಂಗನ ಕಾಲದ ಬರಹವನ್ನು ಟೈಪ್ ಮಾಡಲು ಇವು ಅನಿವಾರ್ಯ. ಆಗಿನ 28ರಲ್ಲಿ ಈಗ ಬಿಟ್ಟುಹೋದ ಅಕ್ಷರಗಳ ಚೌಕಗಳು 11,172ರಲ್ಲಿ ಇಲ್ಲ. 2009ರಲ್ಲಿ ಇನ್ನೂ 117 ಹಳೆಯ ಜಾಮೊಗಳು ಸೇರಿದವು. ಎಂದರೆ ಹಳೆಗೊರಿಯನ್ ಬರೆಯುವವರು ಇಂದು ನಮ್ಮ ಹಾಗೆಯೇ ಬಿಡಿ ಅಕ್ಷರ ಪೋಣಿಸಿ, ಜೋಡಿಸುವ ಭಾರವನ್ನು ಫಾಂಟಿಗೆ ಬಿಡುತ್ತಾರೆ.

ಹೀಗೆ 'ಹನ್' ಎಂಬುದನ್ನು ಒಂದು ಸಂಖ್ಯೆಯಾಗಿಯೂ ಬರೆಯಬಹುದು, ಮೂರು ಜಾಮೊಗಳಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ್ದಕ್ಕೆ ಎನ್‌ಎಫ್‌ಡಿ ಎಂಬ ಹೆಸರು. ಆಪಲ್‌ನ ಹಳೆಯ ಫೈಲು ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿ 'ಹನ್‌ಗುಗೊ' ಮೂರರ ಬದಲು ಎಂಟು ಸಂಖ್ಯೆ, 24 ಬೈಟ್. ಮ್ಯಾಕ್ ಒಳಗೆ ನೋಡಿದರೆ ಎಲ್ಲ ಸರಿ. ಅದೇ ಫೈಲು ಜಾಮೊ ಜೋಡಿಸಲು ಬಾರದ ಇನ್ನೊಂದು ಕಂಪ್ಯೂಟರಿಗೋ ಮೇಲ್ ತಂತ್ರಾಂಶಕ್ಕೋ ಬಂದಾಗ ಚೌಕ ಬಿಚ್ಚಿ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತದೆ. ನಿಮಗೆ ಕಂಡದ್ದು ಬಹುಶಃ ಇದೇ. ಫೈಲಿನೊಳಗಿನ ಬರಹಕ್ಕೆ ಏನೂ ಆಗಿರುವುದಿಲ್ಲ.

ಪರಿಹಾರ ಸುಲಭ. ಫೈಲುಗಳ ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ ತಿರುಗಿಸಬೇಕು. ಪೈಥಾನ್ ಬಲ್ಲವರು ಪಕ್ಕದ ಮೇಜಿನಲ್ಲಿದ್ದರೆ ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲಿನ ನಾರ್ಮಲೈಸ್ ಎಂಬ ಫಂಕ್ಷನ್ ತೋರಿಸಿ, ಐದು ನಿಮಿಷದ ಕೆಲಸ. ಒಂದೆರಡೇ ಫೈಲಾದರೆ ಹೆಸರನ್ನು ಕೈಯಲ್ಲಿ ಮತ್ತೆ ಟೈಪ್ ಮಾಡಿದರೂ ಸಾಕು.

ಅದೇ ಕೈಯಲ್ಲಿ ನಿಮ್ಮ ಕನ್ನಡ ಫೈಲುಗಳನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮ ಓತ್ವ ಕೂಡ ಬಿಡಿಸಬಲ್ಲ ಚಿಹ್ನೆ. 'ಕೋಲಾರ' ಎಂದು ನೀವು ಟೈಪ್ ಮಾಡಿದರೆ ಐದು ಸಂಖ್ಯೆ. ಬಿಡಿಸಿದ ರೂಪದಲ್ಲಿ ಓತ್ವವು ಎತ್ವ, ಊತ್ವ, ದೀರ್ಘ ಎಂದು ಮೂರಾಗಿ ಒಟ್ಟು ಏಳಾಗುತ್ತದೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕೆಲವು ತಂತ್ರಾಂಶಗಳಲ್ಲಿ ಹುಡುಕಿದಾಗ ಮಾತ್ರ, ಕಣ್ಣೆದುರೇ ಇರುವ ಕೋಲಾರ ಸಿಗುವುದಿಲ್ಲ ಎಂದು ಕಂಪ್ಯೂಟರ್ ಹೇಳುತ್ತದೆ.